ಒಂಬತ್ತು ವರ್ಷ ಹಿಂದಿರುವ ಕೊಠಡಿಗೆ ಅನ್ವಯಿಸುವ ನಿಯಮಗಳು

ವಿಶ್ವವಿದ್ಯಾಲಯದ ಕಾರ್ಯಾಲಯ
(ಮೌಲ್ಯಮಾಪನ ಮತ್ತು ಮರುಮೌಲ್ಯಮಾಪನ ಶಾಖೆ)

ಸುತ್ತೋಲೆ ಸಂಖ್ಯೆ: ಮೌ.ಮ./ಇತಿ.ಪತ್ರಿಕೆ/ಬೆಳವಣಿಗೆ/ತಿದ್ದಿದ್ದು/ಮತ್ತೆ ತಿದ್ದಿದ್ದು
ದಿನಾಂಕ: ಕೊಠಡಿಯ ಹೊರಗೆ ಇಂದು. ಕೊಠಡಿಯ ಒಳಗೆ, ನಿಯಮ 1 ನೋಡುವುದು.

ವಿಷಯ: ಇತಿಹಾಸ ವಿಭಾಗದ ಅರ್ಧವಾರ್ಷಿಕ ಸಂಶೋಧನಾ ಪತ್ರಿಕೆಯು ಕಳೆದ ಹತ್ತು ವರ್ಷಗಳಲ್ಲಿ ಸಾಧಿಸಿರುವ ಬೆಳವಣಿಗೆಯ ಮೌಲ್ಯಮಾಪನ, ಸದರಿ ಪತ್ರಿಕೆಯು ಆ ಹತ್ತು ವರ್ಷಗಳನ್ನು ಇನ್ನೂ ತಲುಪದಿರುವ ಬಗ್ಗೆ, ಮತ್ತು ಸಹಾಯಕ ಸಂಪಾದಕಿಯವರ ಸೇವೆ ಖಾಯಂ ಮಾಡುವ ಕೋರಿಕೆಯ ಬಗ್ಗೆ.

ಉಲ್ಲೇಖ:
(ಅ) ಮೌಲ್ಯಮಾಪನ ಮಾಡತಕ್ಕದ್ದೆಂಬ ಮೇಲಿನವರ ಪತ್ರ.
(ಆ) ಮೌಲ್ಯಮಾಪನ ಇನ್ನೂ ಏಕೆ ಆಗಿಲ್ಲವೆಂಬ ಮೇಲಿನವರ ಜ್ಞಾಪನ.
(ಇ) ಮೇಲಿನವರು ದೂರವಾಣಿಯಲ್ಲಿ ಆಡಿದ ಮಾತುಗಳು (ಇಲ್ಲಿ ಬರೆಯಲಾಗಿಲ್ಲ).
(ಈ) ಸಹಾಯಕ ಸಂಪಾದಕಿಯವರ ಅರ್ಜಿ. ಮತ್ತು ಅದೇ ಅರ್ಜಿ, ಪ್ರತಿ ವರ್ಷ.

ಪ್ರಸ್ತಾವನೆ

ಉಲ್ಲೇಖ (ಅ)ರಂತೆ, ಈ ಕೆಳಗೆ ಸಹಿ ಮಾಡಿರುವವರ ಅಧ್ಯಕ್ಷತೆಯಲ್ಲಿ ಮೂವರ ಸಮಿತಿಯನ್ನು ರಚಿಸಲಾಗಿತ್ತು. ಸದಸ್ಯರ ಪೈಕಿ ಒಬ್ಬರು ಪರೀಕ್ಷಾ ಶಾಖೆಯವರು, ಇನ್ನೊಬ್ಬರು ತೋಟಗಾರಿಕೆ ಶಾಖೆಯವರು. ವಿಷಯದಲ್ಲಿ ಬೆಳವಣಿಗೆ ಎಂದು ಇದ್ದುದರಿಂದ ಎರಡನೆಯವರನ್ನು ನೇಮಿಸಲಾಯಿತೆಂದು ಕಡತದಿಂದ ತಿಳಿದುಬಂದಿರುತ್ತದೆ.

ಸಮಿತಿಯು ಪತ್ರಿಕೆಯ ಕಚೇರಿಗೆ ಖುದ್ದಾಗಿ ಭೇಟಿ ನೀಡಿತು. ಸದರಿ ಕಚೇರಿಯು ಮಹಡಿ ಮೆಟ್ಟಿಲಿನ ಕೆಳಗಿರುವ ಕೊಠಡಿಯಾಗಿದ್ದು, ಸಾಧಾರಣ ಎತ್ತರದವರು ಬಾಗಿಲ ಬಳಿ ಮಾತ್ರ ನೆಟ್ಟಗೆ ನಿಲ್ಲಬಹುದಾಗಿದೆ. ಒಳಗೆ ಒಂದು ಮೇಜು, ಒಂದು ಸ್ಟೂಲು, ಒಂದು ಕಂಪ್ಯೂಟರು ಮತ್ತು ಸಂಪಾದಕರ ಕುರ್ಚಿ ಕಂಡುಬಂದವು. ಸಂಪಾದಕರು ಆರು ವರ್ಷಗಳ ಹಿಂದೆ ನಿವೃತ್ತರಾದ ಮೇಲೆ ಬೇರೆಯವರು ಬಾರದ ಕಾರಣ ಕುರ್ಚಿಯ ಮೇಲೆ ನೀರಿನ ಕ್ಯಾನು ಇತ್ತು. ಸ್ಟೂಲಿನ ಮೇಲೆ ಸಹಾಯಕ ಸಂಪಾದಕಿಯವರು ಇದ್ದರು. ಇವರು ಏಳು ವರ್ಷಗಳಿಂದ ತಾತ್ಕಾಲಿಕ ನೌಕರರು. ಆರು ತಿಂಗಳಿಗೊಮ್ಮೆ ಇವರನ್ನು ಒಂದು ದಿನದ ಮಟ್ಟಿಗೆ ಕೆಲಸದಿಂದ ತೆಗೆದು ಮಾರನೆಯ ದಿನ ಸೇರಿಸಿಕೊಳ್ಳಲಾಗುತ್ತಿದ್ದು, ತೆಗೆದುಹಾಕಿದ ದಿನವೂ ಬಂದು ಕೆಲಸ ಮಾಡುತ್ತಾರೆಂಬ ದೂರು ಇವರ ಮೇಲಿದೆ.

ಕಳೆದ ಹತ್ತು ವರ್ಷಗಳ ಸಂಚಿಕೆಗಳನ್ನು ಹಾಜರುಪಡಿಸಲು ಸೂಚಿಸಲಾಯಿತು. ಸಹಾಯಕ ಸಂಪಾದಕಿಯವರು ಎರಡೇ ಎರಡು ಸಂಚಿಕೆಗಳನ್ನು ಮೇಜಿನ ಮೇಲಿಟ್ಟರು. ಮಿಕ್ಕವು ಎಲ್ಲಿ ಎಂದು ಕೇಳಲಾಗಿ, ಅವರು ನೀಡಿದ ಹೇಳಿಕೆಯನ್ನು ಅವರದೇ ಮಾತುಗಳಲ್ಲಿ ದಾಖಲಿಸಲಾಗಿದೆ:

“ಮಿಕ್ಕಿದ್ದೆಲ್ಲ ಇನ್ನೂ ಬರ್ಬೇಕು ಸರ್. ಹೋದ ತಿಂಗಳು ಪ್ರೆಸ್ಸಿಂದ ಬಂದಿದ್ದೇ ಒಂಬತ್ತು ವರ್ಷದ ಹಿಂದಿನ ಸಂಚಿಕೆ. ಮೊದ್ಲು ಒಂದ್ ಸಲ ತಡ ಆಯ್ತಂತೆ, ಆಮೇಲೆ ತಡದ ಮೇಲೆ ತಡ. ವರ್ಷಕ್ಕೆ ಎರಡು ಬರ್ಬೇಕಾದ್ದು, ಒಂದು ಬರತ್ತೆ. ಮುಖಪುಟದ ಮೇಲೆ ಮಾತ್ರ ಯಾವ ವರ್ಷದ್ದು ಬಾಕಿ ಇದ್ಯೋ ಅದೇ ವರ್ಷ ಹಾಕೋದು. ಮೊದ್ಲಿಂದ್ಲೂ ಇಲ್ಲಿ ಹಾಗೇ ನಡ್ಕೊಂಡು ಬಂದಿದೆ. ಸಂಪಾದಕರು ಅಂತ ಈಗ್ಲೂ ಹಳೇ ಸಾಹೇಬ್ರ ಹೆಸರೇ ಹಾಕ್ತೀವಿ, ಆ ವರ್ಷ ಅವರೇ ತಾನೆ ಇದ್ದಿದ್ದು.”

ಸಮಿತಿಯು ಈ ಹೇಳಿಕೆಯನ್ನು ಆಮೂಲಾಗ್ರವಾಗಿ ಪರಿಶೀಲಿಸಿತು. ಎರಡು ಅಭಿಪ್ರಾಯಗಳಿಗೆ ಅವಕಾಶವಿರುವುದು ಕಂಡುಬಂತು. ಮೊದಲನೆಯದು, ಪತ್ರಿಕೆಯು ಒಂಬತ್ತು ವರ್ಷ ತಡವಾಗಿದೆ ಎಂಬುದು. ಎರಡನೆಯದು, ವಿಶ್ವವಿದ್ಯಾಲಯವು ಒಂಬತ್ತು ವರ್ಷ ಅವಸರಪಟ್ಟಿದೆ ಎಂಬುದು. ಮೊದಲನೆಯದನ್ನು ಒಪ್ಪಿದಲ್ಲಿ ಯಾರ ಮೇಲಾದರೂ ಕ್ರಮ ಜರುಗಿಸಬೇಕಾಗುತ್ತದೆ. ಆ ಯಾರಾದರೂ ಎಂಬವರೆಲ್ಲ ಈ ನಡುವೆ ಬಡ್ತಿ ಹೊಂದಿ ಮೇಲಿನವರಾಗಿರುತ್ತಾರೆ. ಆದ್ದರಿಂದ ಎರಡನೆಯ ಅಭಿಪ್ರಾಯವನ್ನು ಅವಿರೋಧವಾಗಿ ಅಂಗೀಕರಿಸಲಾಯಿತು.

ಇತಿಹಾಸದ ಪತ್ರಿಕೆಗೆ ಹಿಂದಿನದನ್ನು ನೋಡುವುದು ಕರ್ತವ್ಯ. ಹಿಂದೆಯೇ ಕುಳಿತು ನೋಡುವುದು ಕರ್ತವ್ಯನಿಷ್ಠೆ. ಸದರಿ ನಿಷ್ಠೆಗೆ ಧಕ್ಕೆ ಬಾರದಂತೆ ಈ ಕೆಳಕಂಡ ನಿಯಮಗಳನ್ನು ಸ್ಥಳದಲ್ಲಿಯೇ ರೂಪಿಸಿ, ಅಂದಿನಿಂದಲೇ ಜಾರಿಗೆ ತರಲಾಗಿದ್ದು, ಈಗ ಎಲ್ಲರ ಗಮನಕ್ಕೆ ತರಲಾಗುತ್ತಿದೆ.

ನಿಯಮಗಳು

1. ಹೊಸ್ತಿಲಿನಿಂದ ಹಿಂಗೋಡೆಯವರೆಗೆ, ಪತ್ರಿಕೆಯ ಇತ್ತೀಚಿನ ಸಂಚಿಕೆಯ ವರ್ಷವನ್ನೇ ಚಾಲ್ತಿ ವರ್ಷವೆಂದು ಭಾವಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಲ್ಲುವುದನ್ನು ನಿಷೇಧಿಸಲಾಗಿದೆ.

2. ಗೋಡೆಗೆ ಆ ವರ್ಷದ ಕ್ಯಾಲೆಂಡರು ತೂಗುಹಾಕತಕ್ಕದ್ದು. ಗಡಿಯಾರವು ಬಹಳ ಹಿಂದೆಯೇ ನಿಂತಿರುವುದರಿಂದ ಅದನ್ನು ಮುಟ್ಟುವ ಅಗತ್ಯವಿರುವುದಿಲ್ಲ. ಕಂಪ್ಯೂಟರು ಯಾವ ಸೂಚನೆಯೂ ಇಲ್ಲದೆ ಹಳೆಯ ದಿನಾಂಕವನ್ನೇ ತೋರಿಸುತ್ತಾ ತಾನಾಗಿಯೇ ನಿಯಮವನ್ನು ಪಾಲಿಸುತ್ತಿದ್ದು, ಅದಕ್ಕೆ ಮೆಚ್ಚುಗೆ ಸೂಚಿಸಲಾಗಿದೆ.

3. ಲೇಖಕರು ಆ ವರ್ಷದ ನಂತರ ಬಂದ ಪುಸ್ತಕಗಳನ್ನು ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸತಕ್ಕದ್ದಲ್ಲ. ಇನ್ನೂ ಬರೆಯದ ಪುಸ್ತಕವನ್ನು ಓದಿದ್ದೇನೆನ್ನುವುದು ಉತ್ಪ್ರೇಕ್ಷೆಯಾಗುತ್ತದೆ. ಸಂಚಿಕೆಯ ವರ್ಷದಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಲೇಖಕರೊಬ್ಬರ ಪ್ರೌಢ ಪ್ರಬಂಧವು ಪ್ರಕಟಣೆಗೆ ಆಯ್ಕೆಯಾಗಿದ್ದು, ಅದರೊಂದಿಗೆ ತಂದೆ ಅಥವಾ ತಾಯಿಯವರ ಒಪ್ಪಿಗೆ ಪತ್ರ, ಮತ್ತು ಶಾಲೆಗೆ ಚಕ್ಕರ್ ಹೊಡೆದು ಸಂಶೋಧನೆ ಮಾಡಿಲ್ಲವೆಂಬ ಮುಖ್ಯೋಪಾಧ್ಯಾಯರ ದೃಢೀಕರಣವನ್ನು ಲಗತ್ತಿಸತಕ್ಕದ್ದು.

4. ಆ ವರ್ಷದ ನಂತರ ನೆಲದಡಿಯಿಂದ ಸಿಕ್ಕಿದ ಶಾಸನವನ್ನು ಆಧರಿಸಿ ಲೇಖನ ಬಂದಲ್ಲಿ, ಶಾಸನವನ್ನು ಸಿಕ್ಕಿದ ಜಾಗದಲ್ಲಿಯೇ ಮತ್ತೆ ಹೂಳತಕ್ಕದ್ದು. ಪತ್ರಿಕೆಯು ಸಂಬಂಧಪಟ್ಟ ವರ್ಷವನ್ನು ತಲುಪಿದ ಮೇಲೆ ಅದನ್ನು ಅಚ್ಚರಿಯಿಂದ ಹೊರತೆಗೆಯಬಹುದು. ತೋಟಗಾರಿಕೆ ಶಾಖೆಯ ಸದಸ್ಯರು ಗುದ್ದಲಿ ಒದಗಿಸಲು ಒಪ್ಪಿರುತ್ತಾರೆ. ಸಮಿತಿಯ ಕಲಾಪದಲ್ಲಿ ಅವರು ಬಾಯಿ ಬಿಟ್ಟಿದ್ದು ಇದೊಂದೇ ಸಲ.

5. ಪತ್ರಿಕೆಗೆ ಬಂದ ಪ್ರತಿ ಲೇಖನವನ್ನು ಇಬ್ಬರು ವಿದ್ವಾಂಸರು ಪರಸ್ಪರರ ಗುರುತು ತಿಳಿಯದಂತೆ ಪರಿಶೀಲಿಸುವುದು ನಿಯಮ. ಹಾಲಿ ಪರಿಶೀಲಕರು ಅಣ್ಣತಮ್ಮಂದಿರು, ಒಂದೇ ಮನೆಯಲ್ಲಿ ವಾಸ, ಒಂದೇ ಮೇಜು. ಗುರುತು ತಿಳಿಯದಿರುವ ಪರಿಪಾಠವನ್ನು ಅವರು ಮುಂದುವರಿಸತಕ್ಕದ್ದು. ಅಣ್ಣನು ಲೇಖನ ಓದುವಾಗ ತಮ್ಮನು ಕಿಟಕಿಯಿಂದ ಹೊರಗೆ ನೋಡತಕ್ಕದ್ದು. ಒಂದೇ ಲೇಖನವನ್ನು ಅಣ್ಣ ಉದ್ದವಾಯಿತೆಂದೂ ತಮ್ಮ ಗಿಡ್ಡವಾಯಿತೆಂದೂ ಬರೆದು, ಆಮೇಲೆ ಊಟಕ್ಕೆ ಕುಳಿತಾಗ ಮಾತು ಬಿಟ್ಟ ಪ್ರಸಂಗ ವರದಿಯಾಗಿದ್ದು, ಊಟದ ಹೊತ್ತಿನಲ್ಲಿ ಹವಾಮಾನವನ್ನು ಬಿಟ್ಟು ಬೇರೇನನ್ನೂ ಚರ್ಚಿಸಕೂಡದೆಂದು ಎಚ್ಚರಿಸಲಾಗಿದೆ.

6. ಆ ವರ್ಷದ ನಂತರ ಕಾಣಿಸಿಕೊಂಡ ಮಂಡಿನೋವು, ಸೊಂಟನೋವು ಮತ್ತು ಮರೆವುಗಳನ್ನು ಸಿಬ್ಬಂದಿಯು ಬಾಗಿಲ ಹೊರಗೆ ಬಿಟ್ಟು ಬರತಕ್ಕದ್ದು. ಕೊಠಡಿಯ ಒಳಗೆ ಹಳೆಯ ನಂಬರಿನ ಕನ್ನಡಕವನ್ನೇ ಧರಿಸತಕ್ಕದ್ದು. ಇದರಿಂದ ಅಕ್ಷರ ಕಾಣದೆ ಕರಡು ತಿದ್ದುವಲ್ಲಿ ತಪ್ಪುಗಳಾದರೆ, ಅವನ್ನು ಆ ವರ್ಷದ ತಪ್ಪುಗಳೆಂದು ಪರಿಗಣಿಸಲಾಗುವುದು.

7. ಈ ನಡುವೆ ತೀರಿಕೊಂಡ ಸಲಹಾ ಮಂಡಳಿ ಸದಸ್ಯರ ಹೆಸರುಗಳನ್ನು ತೆಗೆಯತಕ್ಕದ್ದಲ್ಲ. ಅವರಿಗೆ ಸಭೆಯ ತಿಳುವಳಿಕೆ ಪತ್ರ ಕಳುಹಿಸತಕ್ಕದ್ದು. ಸತತ ಗೈರುಹಾಜರಿಗೆ ಕಾರಣ ಕೇಳಿ ನೋಟಿಸು ಕೊಡುವ ಮುನ್ನ ಈ ಶಾಖೆಯನ್ನೊಮ್ಮೆ ಸಂಪರ್ಕಿಸತಕ್ಕದ್ದು.

8. ಆ ವರ್ಷದ ಸಂಪಾದಕರೇ ಕೊಠಡಿಯ ಹಾಲಿ ಸಂಪಾದಕರಾಗಿರತಕ್ಕದ್ದು. ನಿವೃತ್ತರಾದ ಸದರಿಯವರನ್ನು ಉದ್ಯಾನದ ಬೆಂಚೊಂದರಲ್ಲಿ ಪತ್ತೆಹಚ್ಚಲಾಯಿತು. “ನಾನು ಈಗ ತಾನೆ ನೆಮ್ಮದಿಯಾಗಿದ್ದೀನಿ ಸ್ವಾಮಿ, ನನ್ನ ಯಾಕೆ ಎಳೀತೀರಿ?” ಎಂದು ಅವರು ಆಕ್ಷೇಪಿಸಿದರು. ಅವರ ಪತ್ನಿಯವರನ್ನು ವಿಚಾರಿಸಲಾಗಿ, “ಕರ್ಕೊಂಡ್ ಹೋಗಿ, ಧಾರಾಳವಾಗಿ ಕರ್ಕೊಂಡ್ ಹೋಗಿ. ಆದ್ರೆ ಸಂಜೆ ಆಗೋ ತನಕ ವಾಪಸ್ ಕಳಿಸ್ಬೇಡಿ” ಎಂದು ಲಿಖಿತ ಒಪ್ಪಿಗೆ ನೀಡಿದರು. ಕುರ್ಚಿಯ ಮೇಲಿಂದ ನೀರಿನ ಕ್ಯಾನನ್ನು ಇಳಿಸಿ ಸಂಪಾದಕರನ್ನು ಕೂರಿಸಲಾಯಿತು. ಅವರು ಕುಳಿತ ಕೂಡಲೇ ನಿದ್ದೆ ಹೋದದ್ದರಿಂದ ಕುರ್ಚಿಯ ಹಿಂದಿನ ಪರಂಪರೆಗೆ ಭಂಗ ಬಂದಿರುವುದಿಲ್ಲ.

9. ಆ ವರ್ಷದಲ್ಲಿ ಚಾಲ್ತಿಯಲ್ಲಿದ್ದ ಎಲ್ಲ ಹುದ್ದೆಗಳು, ಅಧಿಕಾರಗಳು ಮತ್ತು ಮಂಜೂರಾತಿಗಳು ಕೊಠಡಿಯೊಳಗೆ ಯಥಾವತ್ತಾಗಿ ಮುಂದುವರಿಯತಕ್ಕದ್ದು. ಸ್ಟೇಪ್ಲರ್ ಪಿನ್ನಿಗಾಗಿ ಸಂಪಾದಕರು ಪದೇ ಪದೇ ನಮ್ಮ ಶಾಖೆಗೆ ಬರೆಯಬಾರದೆಂಬುದೊಂದೇ ಈ ನಿಯಮದ ಉದ್ದೇಶ. ಬೇರೆ ಯಾವ ಉದ್ದೇಶವೂ ಇರಲಿಲ್ಲವೆಂದು ಈ ಮೂಲಕ ಪ್ರಮಾಣೀಕರಿಸಲಾಗಿದೆ.

10. ಆ ವರ್ಷದ ನಂತರ ಈ ವಿಶ್ವವಿದ್ಯಾಲಯಕ್ಕೆ ಬಂದ ಯಾವುದೇ ಅಧಿಕಾರಿಯ ಮಾತು ಕೊಠಡಿಯೊಳಗೆ ನಡೆಯತಕ್ಕದ್ದಲ್ಲ. ಹೊಸದಾಗಿ ಬಂದಿರುವ ವಿಭಾಗದ ಮುಖ್ಯಸ್ಥರು ಪತ್ರಿಕೆಯ ವಿಷಯದಲ್ಲಿ ಮೂಗು ತೂರಿಸುವುದನ್ನು ತಡೆಯಲು ಈ ನಿಯಮವನ್ನು ಅಧ್ಯಕ್ಷರು ಖುದ್ದು ಬರೆದರು. ಬರೆದು ಓದಿದಾಗ ಇತರ ಸದಸ್ಯರು ಚಪ್ಪಾಳೆ ತಟ್ಟಿದರು. ಚಪ್ಪಾಳೆಯನ್ನು ನಡಾವಳಿಯಿಂದ ತೆಗೆದುಹಾಕಲು ಅಧ್ಯಕ್ಷರು ಈಗ ಕೋರಿದ್ದಾರೆ.

11. ಸಹಾಯಕ ಸಂಪಾದಕಿಯವರು ಕೆಲಸಕ್ಕೆ ಸೇರಿದ್ದು ಆ ವರ್ಷದ ಎರಡು ವರ್ಷಗಳ ನಂತರ. ಆದ ಕಾರಣ ಅವರು ಕೊಠಡಿಯಲ್ಲಿ ಇನ್ನೂ ಇರುವುದಿಲ್ಲ. ಸ್ಟೂಲು ದಾಸ್ತಾನಿನಲ್ಲಿದೆ; ಅದರ ಮೇಲೆ ಯಾರೂ ಇಲ್ಲವೆಂದು ತಿಳಿಯತಕ್ಕದ್ದು. ಅವರನ್ನು ಕಂಡವರು ನಮಸ್ಕಾರ ಮಾಡತಕ್ಕದ್ದಲ್ಲ. ಅವರ ಹೆಸರನ್ನು ಸಂಚಿಕೆಯಲ್ಲಿ ಅಚ್ಚು ಮಾಡತಕ್ಕದ್ದಲ್ಲ. ಆದಾಗ್ಯೂ ಅವರು ಮಾಡುತ್ತಿರುವ ಕೆಲಸವು, ಎಂದರೆ ಲೇಖನ ತರಿಸುವುದು, ತಿದ್ದುವುದು, ಅಚ್ಚಿಗೆ ಕೊಡುವುದು, ಪ್ರೆಸ್ಸಿನವರ ಕಾಲು ಹಿಡಿಯುವುದು ಮತ್ತು ಬಂದ ಪ್ರತಿಗಳನ್ನು ಹೊತ್ತು ತರುವುದು, ಎಂದಿನಂತೆ ನಡೆದುಕೊಂಡು ಹೋಗತಕ್ಕದ್ದು.

ಅರ್ಜಿಯ ವಿಚಾರಣೆ

ನಿಯಮ 11ರ ಹಿನ್ನೆಲೆಯಲ್ಲಿ, ಸಹಾಯಕ ಸಂಪಾದಕಿಯವರ ಅರ್ಜಿಯನ್ನು ಸಮಿತಿಯು ಎರಡನೆಯ ಸಭೆಯಲ್ಲಿ, ಅದೇ ಕೊಠಡಿಯಲ್ಲಿ, ಸಹಾನುಭೂತಿಯಿಂದ ಪರಿಶೀಲಿಸಿತು. ಐದು ವರ್ಷ ಸೇವೆ ಪೂರೈಸಿದವರು ಖಾಯಂ ಆಗಲು ಅರ್ಹರು. ಪತ್ರಿಕೆಯ ಸಿಬ್ಬಂದಿಯ ಸೇವೆಯನ್ನು ಪತ್ರಿಕೆಯ ವರ್ಷಗಳಲ್ಲಿಯೇ ಎಣಿಸುವುದು ನ್ಯಾಯ. ಪತ್ರಿಕೆಯು ಒಂದು ವರ್ಷ ಮುಂದೆ ಹೋಗಲು ಹೊರಗಿನ ಎರಡು ವರ್ಷ ಹಿಡಿಯುತ್ತದೆ. ಈ ವೇಗದಲ್ಲಿ ಪತ್ರಿಕೆಯು ಮೊದಲು ಅರ್ಜಿದಾರರು ಸೇರಿದ ವರ್ಷವನ್ನು ತಲುಪಿ, ಅಲ್ಲಿಂದ ಮುಂದೆ ಐದು ವರ್ಷ ಸಾಗಬೇಕು. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿ ಒಂದು ವರ್ಷವಾಗಿರುತ್ತದೆ. ಅಂದು ಅವರು ಪೂರ್ಣ ಅರ್ಹತೆ ಪಡೆಯಲಿದ್ದು, ಸಮಿತಿಯು ಮುಂಗಡವಾಗಿ ಅಭಿನಂದಿಸಿತು. ಅರ್ಜಿಯನ್ನು ಅವಧಿಗೆ ಮುನ್ನ ಸಲ್ಲಿಸಲಾಗಿದೆ ಎಂಬ ಷರಾದೊಂದಿಗೆ ಹಿಂದಿರುಗಿಸಲಾಯಿತು.

ಅರ್ಜಿದಾರರು ಷರಾವನ್ನು ಎರಡು ಸಲ ಓದಿದರು. ಬಳಿಕ ಅವರು ಹೇಳಿದ್ದನ್ನು ದಾಖಲಿಸಬಾರದೆಂದು ಪರೀಕ್ಷಾ ಶಾಖೆಯ ಸದಸ್ಯರು ಸೂಚಿಸಿದರೂ, ಅಧ್ಯಕ್ಷರ ಅಪ್ಪಣೆಯ ಮೇರೆಗೆ ದಾಖಲಿಸಲಾಗಿದೆ:

“ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ ಸರ್. ಕಂಡೋರ ಅಡಿಟಿಪ್ಪಣಿ ತಿದ್ದಿ ತಿದ್ದಿ ನನ್ನ ಕಣ್ಣು ಮಂಜಾಯ್ತು. ಮನೇಗೆ ಹೋದ್ರೆ ನಮ್ಮಮ್ಮ ದಿನಾ ಒಂದೇ ಮಾತು ಕೇಳ್ತಾರೆ, ಖಾಯಂ ಆಯ್ತೇನೇ ಅಂತ. ಆಗತ್ತಮ್ಮಾ ಅಂತ ಹೇಳ್ಕೊಂಡೇ ಬಂದೆ. ಇವತ್ತು ಹೋಗಿ ಏನಂತ ಹೇಳ್ಲಿ? ನಾನಿನ್ನೂ ಕೆಲಸಕ್ಕೇ ಸೇರಿಲ್ವಂತೆ ಅಂತ ಹೇಳ್ಲಾ?”

ಇದನ್ನು ಕೇಳಿ ಸಮಿತಿಗೆ ಬೇಸರವಾಯಿತು. ಬೇಸರದ ಮೇಲೆ ಕ್ರಮ ಕೈಗೊಳ್ಳಲು ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ ಸಮಿತಿಯು ಬೇಸರದಲ್ಲಿಯೇ ಮುಂದಿನ ವಿಷಯಕ್ಕೆ ಹೋಗಲಿತ್ತು. ಅಷ್ಟರಲ್ಲಿ ಅರ್ಜಿದಾರರು ಕನ್ನಡಕ ತೆಗೆದು ಒರೆಸಿಕೊಂಡು, ನಿಯಮಗಳ ಹಾಳೆಯನ್ನು ಕೈಗೆತ್ತಿಕೊಂಡು, ಅಧ್ಯಕ್ಷರನ್ನು ಉದ್ದೇಶಿಸಿ, “ತಪ್ಪು ತಿಳೀಬೇಡಿ ಸರ್, ನೀವು ಈ ವಿಶ್ವವಿದ್ಯಾಲಯಕ್ಕೆ ಬಂದಿದ್ದು ಯಾವಾಗ?” ಎಂದು ವಿಚಾರಿಸಿದರು. ನಾಲ್ಕು ವರ್ಷಗಳ ಹಿಂದೆ, ಬಡ್ತಿಯ ಮೇಲೆ, ಎಂದು ಅಧ್ಯಕ್ಷರು ಹೆಮ್ಮೆಯಿಂದಲೇ ಉತ್ತರಿಸಿದರು. ಉಳಿದಿಬ್ಬರು ಸದಸ್ಯರು ಅವರಿಗಿಂತಲೂ ಈಚೆಗೆ ಬಂದವರೆಂಬುದನ್ನು, ಯಾರೂ ಕೇಳದಿದ್ದರೂ, ಅಧ್ಯಕ್ಷರೇ ಸೇರಿಸಿದರು.

“ಹಾಗಿದ್ರೆ ಹತ್ತನೇ ನಿಯಮದ ಪ್ರಕಾರ ನಿಮ್ಮ ಮಾತೂ ಇಲ್ಲಿ ನಡೆಯಲ್ಲ ಸರ್. ಆ ವರ್ಷ ನಾನು ಇರ್ಲಿಲ್ಲ, ಸರಿ. ನೀವೂ ಇರ್ಲಿಲ್ಲ. ನಾನಾದ್ರೂ ಕೆಲಸ ಇದೆ ಅಂತ ಇಲ್ಲಿರ್ತೀನಿ. ನೀವು ದಯವಿಟ್ಟು ಹೊರಗೆ ಇರ್ಬೇಕು.”

ಸಮಿತಿಯು ನಿಯಮ 10ನ್ನು ಮೂರು ಸಲ ಓದಿತು. ಅದರಲ್ಲಿ ಎಲ್ಲಿಯೂ ಸಂದು ಸಿಗದಂತೆ ಅಧ್ಯಕ್ಷರು ಬರೆದಿದ್ದರು. ಸಮಿತಿಯು ಎದ್ದು, ತಲೆ ತಗ್ಗಿಸಿ, ಅಂದರೆ ಮೆಟ್ಟಿಲು ತಲೆಗೆ ತಾಗದಂತೆ ಬಾಗಿ, ಹೊರಗೆ ನಡೆಯಿತು. ಸಭೆಯು ಕಾರಿಡಾರಿನಲ್ಲಿ ಮುಂದುವರಿಯಿತು. ಹಾದು ಹೋಗುತ್ತಿದ್ದ ವಿದ್ಯಾರ್ಥಿಗಳು ಸಮಿತಿಯನ್ನು ಶುಲ್ಕ ಕಟ್ಟುವವರ ಸರದಿ ಎಂದು ಭಾವಿಸಿ ಹಿಂದೆ ಬಂದು ನಿಂತರು. ಸಮಿತಿಗೆ ಅವಮಾನವಾಯಿತೆಂದು ಇಲ್ಲಿ ನಮೂದಿಸಲಾಗಿದೆ.

ಈಗ ಕೊಠಡಿಯಲ್ಲಿ ಉಳಿದ ಏಕೈಕ ಸಕ್ಷಮ ಪ್ರಾಧಿಕಾರ ಎಂದರೆ ಸಂಪಾದಕರು. ಗದ್ದಲಕ್ಕೆ ಅವರಿಗೆ ಎಚ್ಚರವಾಗಿತ್ತು. ಅರ್ಜಿದಾರರು ಅವರ ಮುಂದೆ ನಿಯಮ 9ನ್ನು ಇಟ್ಟರು. ಸಂಚಿಕೆಯ ವರ್ಷದಲ್ಲಿ ಪತ್ರಿಕೆಗೆ ಖಾಯಂ ಸಹಾಯಕ ಸಂಪಾದಕರ ಹುದ್ದೆಯೊಂದು ಮಂಜೂರಾಗಿದ್ದುದೂ, ಅದು ಖಾಲಿಯಿದ್ದುದೂ, ಅದನ್ನು ತುಂಬುವ ಅಧಿಕಾರ ಸಂಪಾದಕರಿಗೇ ಇದ್ದುದೂ, ಮಾರನೆಯ ವರ್ಷ ಮಿತವ್ಯಯದ ಹೆಸರಿನಲ್ಲಿ ಹುದ್ದೆಯನ್ನೂ ಅಧಿಕಾರವನ್ನೂ ಒಟ್ಟಿಗೆ ರದ್ದುಪಡಿಸಿದ್ದೂ ಆಗ ಸಮಿತಿಯ ಅರಿವಿಗೆ ಬಂತು. ಕೊಠಡಿಯ ಒಳಗೆ ಆ ಮಾರನೆಯ ವರ್ಷ ಇನ್ನೂ ಬಂದಿರುವುದಿಲ್ಲ.

ಸಂಪಾದಕರು ಒಂದು ಬಿಳಿ ಹಾಳೆ ಕೇಳಿ ಪಡೆದರು. ಪೆನ್ನು ಬರೆಯಲಿಲ್ಲ, ಇನ್ನೊಂದು ಪಡೆದರು. ಕಾರಿಡಾರಿನಿಂದ ಅಧ್ಯಕ್ಷರು, “ಸ್ವಲ್ಪ ತಡೀರಿ, ಹಾಗೆಲ್ಲ ಮಾಡೋ ಹಾಗಿಲ್ಲ” ಎಂದು ಕೂಗಿ ತಮ್ಮ ಲಿಖಿತ ಆಕ್ಷೇಪಣೆಯನ್ನು ಬಾಗಿಲ ಸಂದಿಯಿಂದ ತೂರಿಸಿದರು. “ಯಾರಪ್ಪಾ ಅದು ಹೊರಗೆ? ಈಗ ಆಗಲ್ಲ. ಒಂಬತ್ತು ವರ್ಷ ಬಿಟ್ಟು ಬನ್ನಿ, ಮಾತಾಡೋಣ” ಎಂದು ಸಂಪಾದಕರು ಒಳಗಿನಿಂದ ಉತ್ತರಿಸಿದರು. ಬಳಿಕ ಅವರು ಅರ್ಜಿದಾರರಿಗೆ ಹೇಳಿದ ಮಾತು ಹೊರಗೂ ಕೇಳಿಸಿತು: “ಇಲ್ಲಿ ನೋಡಮ್ಮಾ, ನೀನು ಇಲ್ದೇ ಇದ್ದಿದ್ರೆ ಈ ಪತ್ರಿಕೆ ನನ್ನ ಜೊತೇಲೇ ಪಾರ್ಕ್ ಬೆಂಚಲ್ಲಿ ಕೂತಿರ್ತಿತ್ತು. ಇಷ್ಟು ವರ್ಷ ನನ್ನ ಹೆಸರೇ ಹಾಕ್ತಾ ಬಂದೆ, ನಿನ್ನ ಹೆಸರು ಎಲ್ಲೂ ಹಾಕ್ಕೊಳ್ಳಲಿಲ್ಲ. ತಗೋ.” ಹಾಳೆಯಲ್ಲಿದ್ದುದು ಆ ಖಾಲಿ ಹುದ್ದೆಗೆ ಅರ್ಜಿದಾರರನ್ನು ನೇಮಿಸಿ, ಕೊಠಡಿಯೊಳಗಿನ ವರ್ಷವನ್ನೇ ದಿನಾಂಕವಾಗಿ ಹಾಕಿದ ಆದೇಶ. ಅಧ್ಯಕ್ಷರಿಗೆ ಒಳಗೊಳಗೇ ಸಂತೋಷವಾಯಿತು. ಇದನ್ನು ದಾಖಲಿಸತಕ್ಕದ್ದಲ್ಲ.

ನೇಮಕಾತಿ ಆದೇಶದ ಸಿಂಧುತ್ವದ ಬಗ್ಗೆ ಕಾನೂನು ಅಧಿಕಾರಿಯವರ ಅಭಿಪ್ರಾಯ ಪಡೆಯಲಾಯಿತು. ನಿಯಮಗಳು ನಿಂತರೆ ಆದೇಶವೂ ನಿಲ್ಲುತ್ತದೆ. ನಿಯಮಗಳು ಬಿದ್ದರೆ ಪತ್ರಿಕೆಯು ಒಂಬತ್ತು ವರ್ಷ ತಡವಾಗಿದೆಯೆಂದು ಒಪ್ಪಿ, ಮೇಲಿನವರ ಮೇಲೆ ಕ್ರಮ ಜರುಗಿಸಬೇಕಾಗುತ್ತದೆ ಎಂದು ಅವರು ತಿಳಿಸಿದರು. ಕಡತವನ್ನು ಮೇಲಿನವರಿಗೆ ಮಂಡಿಸಲಾಗಿ, ಹಿಂದೆಂದೂ ಯಾವ ಕಡತಕ್ಕೂ ತೋರದ ತ್ವರೆಯಲ್ಲಿ ಒಪ್ಪಿಗೆ ಬಂದಿರುತ್ತದೆ. ಆದ್ದರಿಂದ ಮೇಲಿನ ನಿಯಮಗಳ ಮುಂದುವರಿಕೆಯಾಗಿ ಈ ಕೆಳಕಂಡಂತೆ ಆದೇಶಿಸಲಾಗಿದೆ.

12. ಸಹಾಯಕ ಸಂಪಾದಕಿಯವರು ಒಂಬತ್ತು ವರ್ಷಗಳಿಂದ ಖಾಯಂ ನೌಕರರಾಗಿರುತ್ತಾರೆ. ನಿಯಮ 11ನ್ನು ಹಿಂಪಡೆಯಲಾಗಿದೆ. ಸ್ಟೂಲಿನ ಮೇಲೆ ಯಾರೋ ಇದ್ದಾರೆಂದು ಇನ್ನು ಮುಂದೆ ತಿಳಿಯತಕ್ಕದ್ದು. ಅವರಿಗೆ ನಮಸ್ಕಾರ ಮಾಡತಕ್ಕದ್ದು. ಹಿಂದೆ ಮಾಡದೆ ಬಿಟ್ಟ ನಮಸ್ಕಾರಗಳನ್ನು ಕಂತುಗಳಲ್ಲಿ ಸಲ್ಲಿಸಬಹುದು.

13. ಅವರು ನಿಜವಾಗಿ ಕೆಲಸಕ್ಕೆ ಬರುವ ಮುಂಚಿನ ಎರಡು ವರ್ಷಗಳಲ್ಲಿಯೂ ಅವರು ಹಾಜರಿದ್ದರೆಂದು ಭಾವಿಸತಕ್ಕದ್ದು. ಇರಲಿಲ್ಲವೆಂದು ಸಾಕ್ಷಿ ನುಡಿಯಬಲ್ಲವರು ಸಂಪಾದಕರೊಬ್ಬರೇ ಆಗಿದ್ದು, ಆ ಅವಧಿಯಲ್ಲಿ ತಾವು ನಿದ್ದೆಯಲ್ಲಿದ್ದುದಾಗಿ ಅವರು ಹೇಳಿಕೆ ನೀಡಿರುತ್ತಾರೆ.

14. ಕೆಲಸ ಮುಗಿದ ಕಾರಣ ತಮ್ಮನ್ನು ಮತ್ತೊಮ್ಮೆ ನಿ‌ವೃತ್ತಿಗೊಳಿಸಬೇಕೆಂದು ಸಂಪಾದಕರು ಕೋರಿದ್ದಾರೆ. ಪತ್ನಿಯವರು ಆಕ್ಷೇಪಿಸಿರುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

15. ಪತ್ರಿಕೆಯ ಮೌಲ್ಯಮಾಪನದ ಫಲಿತಾಂಶ: ಬೆಳವಣಿಗೆಯು ತೃಪ್ತಿಕರವಾಗಿ ಬಾಕಿಯಿದೆ. ಮುಂದಿನ ಮೌಲ್ಯಮಾಪನವನ್ನು ಪತ್ರಿಕೆಯು ಈ ಸುತ್ತೋಲೆಯ ದಿನಾಂಕವನ್ನು ತಲುಪಿದ ಬಳಿಕ, ಆಗ ಬದುಕಿರುವ ಸಮಿತಿಯಿಂದ ಕೈಗೊಳ್ಳಲಾಗುವುದು.

ಈ ಸೂಚನೆಗಳನ್ನು ಉಲ್ಲಂಘಿಸಿದವರ ಮೇಲೆ, ಅವರು ಯಾವ ವರ್ಷದಲ್ಲಿ ಉಲ್ಲಂಘಿಸಿದರೆಂಬುದು ಇತ್ಯರ್ಥವಾದ ಮೇಲೆ, ಕ್ರಮ ಕೈಗೊಳ್ಳಲಾಗುವುದು.

ಸಹಿ/-
ಉಪಕುಲಸಚಿವರು (ಮೌಲ್ಯಮಾಪನ)
ಹಾಗೂ ಸಮಿತಿಯ ಅಧ್ಯಕ್ಷರು
ಸ್ಥಳ: ಕಾರಿಡಾರು

ಪ್ರತಿಗಳು:

1. ಇತಿಹಾಸ ವಿಭಾಗದ ಮುಖ್ಯಸ್ಥರಿಗೆ. ಹೊಸ್ತಿಲ ಹೊರಗೆ ನಿಂತು ಓದಿಕೊಳ್ಳುವ ಷರತ್ತಿಗೆ ಒಳಪಟ್ಟು.
2. ಪರಿಶೀಲಕ ಅಣ್ಣನವರಿಗೆ ಮತ್ತು ಪರಿಶೀಲಕ ತಮ್ಮನವರಿಗೆ. ಪ್ರತ್ಯೇಕ ಲಕೋಟೆಗಳಲ್ಲಿ, ಅದೇ ವಿಳಾಸಕ್ಕೆ.
3. ಸಲಹಾ ಮಂಡಳಿಯ ದಿವಂಗತ ಸದಸ್ಯರಿಗೆ. ಹೊಸ ವಿಳಾಸ ತಿಳಿದ ಕೂಡಲೇ.
4. ತೋಟಗಾರಿಕೆ ಶಾಖೆಗೆ. ಗುದ್ದಲಿ ಹಿಂದಿರುಗಿಸುವ ಪತ್ರದೊಂದಿಗೆ.
5. ಸಂಪಾದಕರಿಗೆ. ಎಚ್ಚರವಾದಾಗ.
6. ಖಾಯಂ ಸಹಾಯಕ ಸಂಪಾದಕಿಯವರಿಗೆ. ಈ ಸುತ್ತೋಲೆಯ ಕರಡು ತಿದ್ದಿಕೊಟ್ಟವರು ಅವರೇ ಆದ್ದರಿಂದ ಮಾಹಿತಿಗಾಗಿ ಮಾತ್ರ. ನಿಯಮ 12ರಲ್ಲಿ ಅವರು ಒಂದಕ್ಷರವನ್ನೂ ತಿದ್ದಿಲ್ಲ.
7. ಕಚೇರಿ ಪ್ರತಿ.
8. ಸಹಾಯಕ ಸಂಪಾದಕಿಯವರ ತಾಯಿಯವರಿಗೆ. ಅವರು ದಿನವೂ ಕೇಳುತ್ತಿದ್ದ ಪ್ರಶ್ನೆಗೆ ಈ ಕಚೇರಿಯ ಅಧಿಕೃತ ಹಿಂಬರಹವಾಗಿ: ಆಯಿತು.